ಅಕ್ಕೋರ ರಕ್ತದ ಪಟ್ಟಿ

ಅಕ್ಕೋರ ಬೆರಳುಗಳು ಸುಮ್ಮನೆ ಇರುತ್ತಿರಲಿಲ್ಲ. ಎದುರಿಗೆ ಯಾರೇ ಮಾತಾಡುತ್ತಿರಲಿ, ಆ ಮಾತನ್ನು ಅವು ತೊಡೆಯ ಮೇಲೆ, ಮೇಜಿನ ಅಂಚಿನ ಮೇಲೆ, ರೈಲಿನಲ್ಲಾದರೆ ಕಿಟಕಿಯ ಸರಳಿನ ಮೇಲೆ ಟೈಪ್ ಮಾಡುತ್ತಲೇ ಇರುತ್ತಿದ್ದವು. ವರ್ಷಗಟ್ಟಲೆ ಟೈಪ್‌ರೈಟರಿನ ಬಿರುಸು ಕೀಲಿಗಳನ್ನು ಕುಟ್ಟಿ ಬೆರಳ ತುದಿಗಳು ಚಪ್ಪಟೆಯಾಗಿದ್ದವು. ಉಗುರುಗಳನ್ನು ಮಾಂಸ ಕಾಣುವ ತನಕ ಕತ್ತರಿಸಿಕೊಂಡಿರುತ್ತಿದ್ದರು. ಮೊದಲ ಸಲ ನೋಡಿದಾಗ ಇವರಿಗೇನೋ ನರದ ತೊಂದರೆ ಇರಬೇಕು ಎಂದುಕೊಂಡೆ. ಸ್ವಲ್ಪ ಸಲಿಗೆ ಬೆಳೆದ ಮೇಲೆ ಅದನ್ನು ಅವರಿಗೇ ಹೇಳಿದೆ. ನಕ್ಕುಬಿಟ್ಟರು. "ನೀವು ಈಗ ಅಂದದ್ದೂ ಟೈಪ್ ಆತು ನೋಡ್ರಿ," ಎಂದರು.

ನಮ್ಮ ಕಡೆ ಕಲಿಸುವ ಹೆಂಗಸು ಯಾವ ವಯಸ್ಸಿನವರಾದರೂ ಅಕ್ಕೋರೇ. ವಾಡಿಯ ಸ್ಟೇಷನ್ನಿಗೆ ಕೂಗಳತೆಯಲ್ಲಿ, ರೈಲ್ವೆ ಕ್ವಾರ್ಟರ್ಸಿನ ಹಿಂಬದಿಗೆ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಎರಡು ಕೋಣೆ, ನೆಲಕ್ಕೆ ಫರಸಿ ಕಲ್ಲು, ಎಂಟು ಟೈಪ್‌ರೈಟರ್, ಗೋಡೆಯ ಗೂಡಿನಲ್ಲಿ ಮಷಿನ್ ಎಣ್ಣೆಯ ಡಬ್ಬಿಯ ಪಕ್ಕ ಒಂದು ಪುಟ್ಟ ಬುದ್ಧನ ಮೂರ್ತಿ. ದಿನಕ್ಕೆ ಎರಡು ಸಲ ಒರೆಸಿದರೂ ಎಲ್ಲದರ ಮೇಲೂ ಸಿಮೆಂಟಿನ ಬೂದು ಧೂಳು. ಅವರ ತಂದೆ ರಾವೂರಿನ ಖಣಿಯಲ್ಲಿ ಕಲ್ಲು ಎಬ್ಬಿಸುತ್ತಿದ್ದವರು. ಬೆನ್ನು ಬಗ್ಗಿಸಿ ಕೂತವರನ್ನು ಕಂಡರೆ ಅಕ್ಕೋರು, "ನಮ್ಮಪ್ಪ ಎಬ್ಬಿಸಿದ ಕಲ್ಲಿನ ಮ್ಯಾಲ ಕುಂತೀರಿ, ಸ್ವಲ್ಪ ನೆಟ್ಟಗ ಕುಂದ್ರಿ," ಎಂದು ಗದರುತ್ತಿದ್ದರು.

ನಾನು ಚಿತ್ತಾಪುರದವನು. ಅಪ್ಪನಿಗೆ ಹನುಮಪ್ಪನ ಗುಡಿಯ ಪೂಜೆ, ನನಗೆ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತಿಕೆ. ತೊಂಬತ್ತರ ದಶಕದ ಕೊನೆಗೆ ಟೈಪ್‌ರೈಟರಿಗೆ ಬರುವವರು ಕಡಿಮೆಯಾಗಿ, ಅಕ್ಕೋರು ಎರಡು ಮಷಿನ್ ಮಾರಿ ಒಂದು ಕಂಪ್ಯೂಟರ್ ತಂದರು. ಅದನ್ನು ಸಂಭಾಳಿಸಲು ಗೊತ್ತಿದ್ದವರು ಬೇಕಾಗಿತ್ತು. ಹೈದರಾಬಾದಿನಲ್ಲಿ ಆರು ತಿಂಗಳ ಕೋರ್ಸ್ ಮಾಡಿ ಬಂದ ನಾನು, ಈ ಸೀಮೆಗೆಲ್ಲ ನನಗಿಂತ ತಿಳಿದವನಿಲ್ಲ ಎಂದು ಆಗಲೇ ತೀರ್ಮಾನಿಸಿಕೊಂಡಿದ್ದೆ. ಆಫೀಸು ಬಿಟ್ಟ ಮೇಲೆ ಪ್ಯಾಸೆಂಜರ್ ಗಾಡಿ ಹಿಡಿದು ವಾಡಿಗೆ ಹೋಗುವುದು, ಕಂಪ್ಯೂಟರ್ ಕ್ಲಾಸು ನಡೆಸುವುದು, ಮುಂದಿನ ಗಾಡಿಗೆ ವಾಪಸು ಬರುವುದು ರೂಢಿಯಾಯಿತು. ಅಕ್ಕೋರು ನನ್ನನ್ನು 'ಆಚಾರ್ರೇ' ಎಂದು ಕರೆಯುತ್ತಿದ್ದರು. ನನ್ನ ಜಂಬ ಹೆಚ್ಚಾದ ದಿನ ಅದೇ 'ಆಚಾರ್ರೇ' ಸ್ವಲ್ಪ ಉದ್ದವಾಗುತ್ತಿತ್ತು.

ಅವರ ಯಜಮಾನರು ವಾಡಿಯ ಯಾರ್ಡಿನಲ್ಲಿ ವ್ಯಾಗನ್ನುಗಳನ್ನು ಜೋಡಿಸಿ ಬಿಡಿಸುವ ಶಂಟಿಂಗ್ ಕೆಲಸದಲ್ಲಿದ್ದವರು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಎರಡು ವ್ಯಾಗನ್ನುಗಳ ನಡುವೆ ಸಿಕ್ಕಿಕೊಂಡರು. ಗುಲಬರ್ಗಾಕ್ಕೆ ಒಯ್ದರು. ಅಪರೂಪದ ಗುಂಪಿನ ರಕ್ತ ಬೇಕಾಗಿತ್ತು, ಸಿಗಲಿಲ್ಲ, ಎರಡನೇ ದಿನ ತೀರಿಕೊಂಡರು. ಮಣ್ಣು ಮಾಡಿ ಬಂದ ವಾರಕ್ಕೆ ಅದೇ ಲೈನಿನ ಕ್ವಾರ್ಟರ್ಸಿನ ಒಬ್ಬ ಗ್ಯಾಂಗ್‌ಮನ್ ಮಾತಾಡಿಸಲು ಬಂದಿದ್ದನಂತೆ. ಮಾತಿಗೆ ಮಾತು ಬಂದು, ನಂದೂ ಅದೇ ಗುಂಪು ಅಕ್ಕೋರೇ, ಎಂದನಂತೆ. ಇದನ್ನು ಅಕ್ಕೋರು ನನಗೆ ಒಂದೇ ಸಲ ಹೇಳಿದ್ದು.

"ನಡುವ ಮೂರು ಮನಿ ಇದ್ದವು ಆಚಾರ್ರೇ. ಅವ ಕೊಡಂಗಿಲ್ಲ ಅಂತ ಅಂದಿದ್ದಿಲ್ಲ. ಅವನಿಗಿ ಯಾರೂ ಕೇಳಿದ್ದೇ ಇಲ್ಲ."

ಆ ದಿನದಿಂದ ಅಕ್ಕೋರು ಕೇಳಲು ಶುರು ಮಾಡಿದರು. ಟೈಪಿಂಗ್ ಕಲಿಯಲು ಬಂದವರನ್ನು, ಅವರ ಅಪ್ಪಂದಿರನ್ನು, ಖಣಿಯವರನ್ನು, ಸಿಮೆಂಟ್ ಫ್ಯಾಕ್ಟರಿಯ ಮೂರೂ ಪಾಳಿಯವರನ್ನು, ಗಾಡಿಯಲ್ಲಿ ಪಕ್ಕ ಕೂತವರನ್ನು. ನಿಮ್ಮದು ಯಾವ ಗುಂಪು? ಗೊತ್ತಿಲ್ಲವೆಂದರೆ ಸರಕಾರಿ ದವಾಖಾನೆಗೆ ಕರೆದೊಯ್ದು ಬೆರಳು ಚುಚ್ಚಿಸುತ್ತಿದ್ದರು. ಮೊದಲು ರಟ್ಟಿನ ಕಾರ್ಡುಗಳ ಮೇಲೆ ಟೈಪ್ ಮಾಡಿ ಒಂದು ಟ್ರಂಕಿನಲ್ಲಿ ಇಡುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ಎಲ್ಲವನ್ನೂ ಕನ್ನಡದಲ್ಲೇ ಅದರೊಳಗೆ ಹಾಕಿದರು. ವಾಡಿ, ರಾವೂರ, ಶಹಾಬಾದ, ಚಿತ್ತಾಪುರ, ಸೇಡಂ, ಚಿಂಚೋಳಿಯ ತನಕ ಹೆಸರುಗಳಿದ್ದವು.

ಆ ಪಟ್ಟಿಯಲ್ಲಿ ಹೆಸರು, ಗುಂಪು, ಊರು, ಫೋನ್ ನಂಬರ್ ಆದ ಮೇಲೆ ಕೊನೆಗೊಂದು ಷರಾ ಕಾಲಂ ಇತ್ತು. ಪಟ್ಟಿಯ ಜೀವವೇ ಅದು. ಆಗ ಮನೆಯಲ್ಲಿ ಫೋನ್ ಇದ್ದವರು ಎಷ್ಟು ಜನ? ಬಹಳಷ್ಟು ನಂಬರುಗಳು ಕಿರಾಣಿ ಅಂಗಡಿಯವು, ಹಿಟ್ಟಿನ ಗಿರಣಿಯವು, ಓಣಿಯ ಮೇಷ್ಟ್ರ ಮನೆಯವು. ಅಲ್ಲಿಗೆ ಮಾಡಿ ಇಂಥವರನ್ನು ಕರೆಯಿರಿ ಎನ್ನಬೇಕು. ಹೀಗಾಗಿ ಷರಾದಲ್ಲಿ ಅಕ್ಕೋರು ಬರೆಯುತ್ತಿದ್ದರು: 'ಎರಡನೇ ಪಾಳಿ. ಮೂರು ಗಂಟೆಯ ಒಳಗೆ ಹೇಳಬೇಕು.' 'ಕೊಟ್ಟ ಮೇಲೆ ತಲೆ ತಿರುಗುತ್ತದೆ, ಜೊತೆಗೆ ಒಬ್ಬರು ಬೇಕು.' 'ಅತ್ತೆಗೆ ಗೊತ್ತಾಗಬಾರದು, ನಳದ ಹತ್ತಿರ ಹೇಳಬೇಕು.' ಕುಂಚಾವರಂ ಕಾಡಿನ ಕಡೆಯ ಒಬ್ಬನಿಗೆ ಯಾವ ಫೋನೂ ಇರಲಿಲ್ಲ. ಅವನ ಮುಂದೆ 'ಚಿಂಚೋಳಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಚೀಟಿ' ಎಂದಿತ್ತು. ಚೀಟಿ ಕಳಿಸಿದ ಮಾರನೆಯ ದಿನ ಅವನು ನಿಜಕ್ಕೂ ಬಂದು ನಿಂತದ್ದನ್ನು ನಾನೇ ನೋಡಿದ್ದೇನೆ. ರಕ್ತ ಕೊಡಬೇಕಾದವರು ಗಾಡಿ ಹಿಡಿದು ಗುಲಬರ್ಗಾದ ರಕ್ತನಿಧಿಗೆ ಹೋಗಬೇಕಾಗಿದ್ದರಿಂದ ಯಾರಿಗೆ ಯಾವ ಗಾಡಿ ಸಿಗುತ್ತದೆ ಎನ್ನುವುದೂ ಅದರಲ್ಲೇ ಇತ್ತು.

ಇಷ್ಟೆಲ್ಲ ಬಲ್ಲ ನಾನು ನನ್ನ ಗುಂಪು ಯಾವುದೆಂದು ನೋಡಿಸಿಕೊಂಡಿರಲಿಲ್ಲ. ಸೂಜಿ ಎಂದರೆ ನನಗೆ ಕೈಕಾಲು ತಣ್ಣಗಾಗುತ್ತವೆ. ಇವತ್ತು ಉಪವಾಸ, ನಿನ್ನೆ ಜ್ವರ ಇತ್ತು, ನಾಳೆ ಏಕಾದಶಿ ಎಂದು ತಪ್ಪಿಸಿಕೊಳ್ಳುತ್ತಿದ್ದೆ. "ತಿಂಗಳಿಗಿ ಎಷ್ಟು ಏಕಾದಶಿ ಬರ್ತಾವ್ರಿ ನಿಮ್ಮ ಮನ್ಯಾಗ?" ಎಂದು ಕೇಳುತ್ತಿದ್ದರು. ಮುಂದಿನ ತಿಂಗಳು ಮತ್ತೆ ಕೇಳುತ್ತಿದ್ದರು.

ಎರಡು ಸಾವಿರದ ದಶಕದ ನಡುವಿಗೆ ನಮ್ಮಲ್ಲಿ ಮೂರು ಕಂಪ್ಯೂಟರ್ ಇದ್ದವು, ಮೂರರಲ್ಲೂ ಹಳೆಯ ವಿಂಡೋಸ್. ಇನ್ನು ಮುಂದೆ ಅದಕ್ಕೆ ರಿಪೇರಿ ಇಲ್ಲ ಎಂದು ಅದನ್ನು ಮಾಡಿದವರು ಸಾರಿಬಿಟ್ಟಿದ್ದರು. ಹೊಸದನ್ನು ಹಾಕಿದರೆ ನಮ್ಮ ಮಷಿನ್ನುಗಳು ಅದರ ಭಾರಕ್ಕೆ ಮಲಗುತ್ತಿದ್ದವು. ವಿದ್ಯಾರ್ಥಿಗಳು ತರುವ ಫ್ಲಾಪಿಯಿಂದ ವೈರಸ್ ಬಂದು ಒಮ್ಮೆ ಅರ್ಧ ದಿನದ ಕೆಲಸ ತಿಂದುಹಾಕಿತ್ತು. ಆಗ ನನಗೆ ವಿಂಡೋಸಿನ ಬದಲಿಗೆ ಹಾಕಬಹುದಾದ ಲಿನಕ್ಸಿನ ಹುಚ್ಚು ಹತ್ತಿತು. ಅದಕ್ಕೆ ದುಡ್ಡಿಲ್ಲ, ವೈರಸ್ ಕಾಟವಿಲ್ಲ, ವಿದೇಶಕ್ಕೊಂದು ಅರ್ಜಿ ಹಾಕಿದರೆ ಸಿಡಿಗಳು ಅಂಚೆಯಲ್ಲಿ ಮನೆ ಬಾಗಿಲಿಗೇ ಬರುತ್ತಿದ್ದವು. ನಮಗೂ ಎರಡು ಬಗೆಯವು ಬಂದವು. ಒಂದು, ಬೇಗ ಬದಲಾಗದ, ಮೂರು ವರ್ಷ ರಿಪೇರಿ ಕೊಡುತ್ತೇವೆ ಎಂದು ಮಾತು ಕೊಟ್ಟ ಆವೃತ್ತಿ. ಇನ್ನೊಂದು, ಆರು ತಿಂಗಳಿಗೊಮ್ಮೆ ಹೊಸದಾಗುವ, ಥಳಕು ಬಳಕಿನ, ವರ್ಷ ಒಪ್ಪತ್ತಿನಲ್ಲಿ ಕೈಬಿಡುವ ಆವೃತ್ತಿ.

ನನ್ನ ಕಣ್ಣೆಲ್ಲ ಎರಡನೆಯದರ ಮೇಲೆ. ಅಕ್ಕೋರು ಎರಡೂ ಸಿಡಿಗಳನ್ನು ಬೆಳಕಿಗೆ ಹಿಡಿದು ನೋಡಿ, ಕೇಳಿದ್ದು ಒಂದೇ ಪ್ರಶ್ನೆ.

"ಇದರ ಮೆಕ್ಯಾನಿಕ್ ಎಷ್ಟು ದಿನ ಬರ್ತಾನ?"

ಅವರು ಟೈಪ್‌ರೈಟರ್ ಕೊಳ್ಳುವಾಗಲೂ ಕೇಳಿದ್ದು ಅದನ್ನೇ. ಶಹಾಬಾದಿನ ಮುದುಕ ಮೆಕ್ಯಾನಿಕ್ ಯಾವ ಮಷಿನ್ನಿಗೆ ಬರುತ್ತೇನೆ ಅಂದನೋ ಅದನ್ನೇ ತಂದಿದ್ದರು. ಮೂರು ವರ್ಷದ್ದು ಇದು, ಎಂದು ನಾನು ಒಲ್ಲದ ಮನಸ್ಸಿನಿಂದ ತೋರಿಸಿದೆ. "ಮತ್ತ ಇದರಾಗ ಯೋಚನಿ ಮಾಡೋದೇನದ್ರಿ? ಇದನ್ನೇ ಹಾಕೋಣು. ಆದರ ಈಗ ಬ್ಯಾಡ. ನಮ್ಮ ಹಳೇ ಅಕ್ಷರ ಇದರಾಗ ಕಾಣ್ತಾವೋ ಇಲ್ಲೋ, ಮೊದಲ ಒಂದು ಹೆಸರು ತೋರಸ್ರಿ ನನಗ."

"ಇದಕ್ಕ ಕನ್ನಡ ತಾನೇ ಬರ್ತದ್ರಿ. ಕಾಣ್ತಾವ ಬಿಡ್ರಿ," ಎಂದೆ. ತೋರಿಸಲಿಲ್ಲ.

ಅದೇ ದಿನಗಳಲ್ಲಿ ಅವರ ಹೊಟ್ಟೆಯಲ್ಲಿ ಗಡ್ಡೆ ಇರುವುದು ಗೊತ್ತಾಯಿತು. ಆಪರೇಷನ್ನಿಗೆ ಗುಲಬರ್ಗಾಕ್ಕೆ ಹೊರಟ ಬೆಳಿಗ್ಗೆಯೂ ಮೂಲೆಯ ಮಷಿನ್ನಿನ ಮುಂದೆ ಕೂತು ಪಟ್ಟಿಗೆ ಏನೋ ಸೇರಿಸಿದರು. ಆಮೇಲೆ ಬೀಗದ ಕೈ ನನಗೆ ಕೊಟ್ಟು, "ನಾ ಬರೋತನಕ ಇದಕ್ಕ ಕೈ ಹಚ್ಚಬ್ಯಾಡ್ರಿ. ಯಾರರೆ ಬಂದು ಕೇಳಿದರ ಪಟ್ಟಿ ತೆಗೀರಿ, ನೋಡ್ರಿ, ಮುಚ್ರಿ," ಎಂದರು.

ನಾನು ಕೈ ಹಚ್ಚಿದೆ. ಅವರು ಬರುವಷ್ಟರಲ್ಲಿ ಎಲ್ಲ ಹೊಸದಾಗಿ ಮಿಂಚುತ್ತಿರಬೇಕು, ನೋಡಿ ಬೆರಗಾಗಬೇಕು ಎಂದು. ಕಾಲೇಜಿಗೆ ರಜೆ ಇದ್ದ ಎರಡು ದಿನ ಕೂತು ಮೂರೂ ಮಷಿನ್ನುಗಳ ಒಳಗಿದ್ದದ್ದನ್ನೆಲ್ಲ ಅಳಿಸಿ ಹಾಕಿ, ಅವರು ಆರಿಸಿದ್ದನ್ನಲ್ಲ, ನನಗೆ ಬೇಕಾದ ಥಳಕಿನದನ್ನು ಹಾಕಿದೆ. ಪಟ್ಟಿಯ ಫೈಲನ್ನು ಮೊದಲೇ ಒಂದು ಸಿಡಿಗೆ ನಕಲು ಮಾಡಿಟ್ಟುಕೊಂಡಿದ್ದೆ. ಹೊಸ ಮಷಿನ್ನಿನಲ್ಲಿ ಅದನ್ನು ತೆರೆದೆ. ಪರದೆಯ ತುಂಬ ಇಂಗ್ಲಿಷಿನ ಚಿಕ್ಕ ದೊಡ್ಡ ಅಕ್ಷರ, ಕಂಸ, ಚುಕ್ಕೆ, ಅಡ್ಡಗೀಟು, ಕಸ ಗುಡಿಸಿ ಹಾಕಿದ ಹಾಗೆ. ಫೋನ್ ನಂಬರಿನ ಅಂಕಿಗಳು ಮಾತ್ರ ನೆಟ್ಟಗಿದ್ದವು.

ಆ ಕಾಲದ ಕನ್ನಡ ಹಾಗಿತ್ತು. ನಾವು ಒತ್ತುತ್ತಿದ್ದ ಇಂಗ್ಲಿಷ್ ಕೀಲಿಗೆ ಒಂದು ಫಾಂಟು ಕನ್ನಡದ ಅಂಗಿ ತೊಡಿಸಿ ತೋರಿಸುತ್ತಿತ್ತು, ಅಷ್ಟೇ. ಒಳಗೆ ಕನ್ನಡ ಇರಲೇ ಇಲ್ಲ. ಫಾಂಟು ಹೋದರೆ ಅಂಗಿ ಹೋಯಿತು. ನಾನು ಹೆಸರುಗಳನ್ನು ನಕಲು ಮಾಡಿಕೊಂಡಿದ್ದೆ, ಫಾಂಟನ್ನು ಮಾಡಿಕೊಂಡಿರಲಿಲ್ಲ. ಅದರ ಮೂಲ ಫ್ಲಾಪಿ ಬೂಸಲು ಹಿಡಿದಿತ್ತು, ಅದನ್ನು ಮಾಡಿದವರು ಅಂಗಡಿ ಮುಚ್ಚಿ ವರ್ಷಗಳಾಗಿದ್ದವು. ಕೋರ್ಸ್ ಮಾಡಿ ಬಂದವನಿಗೆ ಇದು ಗೊತ್ತಿರಬೇಕಿತ್ತು. ಅಕ್ಕೋರು ಬರುವುದರೊಳಗೆ ಎಲ್ಲಿಂದಾದರೂ ಹುಡುಕಿ ತಂದರಾಯಿತು ಎಂದುಕೊಂಡೆ. ಯಾರಿಗೂ ಹೇಳಲಿಲ್ಲ.

ಮೂರನೆಯ ದಿನ ನಾನು ಆಫೀಸಿಗೆ ರಜೆ ಹಾಕಿ ಅಲ್ಲೇ ಕೂತಿದ್ದೆ. ಮಧ್ಯಾಹ್ನ ಬಾಗಿಲಲ್ಲಿ ಒಬ್ಬ ಬಂದು ನಿಂತ. ರಾವೂರಿನ ಖಣಿಯವನು, ತಲೆ ಹುಬ್ಬುಗಳೆಲ್ಲ ಕಲ್ಲಿನ ಪುಡಿ. ಕೈಯಲ್ಲಿ ದವಾಖಾನೆಯ ಚೀಟಿ.

"ಅಕ್ಕೋರು ಅದಾರೇನ್ರಿ? ನಮ್ಮ ತಂಗಿಗಿ ಹೆರಿಗಿ ಆಗ್ಯಾದ್ರಿ ಗುಲಬರ್ಗಾದಾಗ. ರಕ್ತ ನಿಂದ್ರವಲ್ದು ಅಂತ. ಈ ಗುಂಪಿನವರು ಜಲ್ದಿ ಬೇಕಂತ ಬರಕೊಟ್ಟಾರ. ಅಕ್ಕೋರ ಹಂತ್ಯಾಕ ಪಟ್ಟಿ ಅದ ಅಂತ ಎಲ್ಲರೂ ಅಂದ್ರು."

ಚೀಟಿಯಲ್ಲಿ ಓ ನೆಗೆಟಿವ್ ಎಂದಿತ್ತು. ರಕ್ತನಿಧಿಯಲ್ಲಿ ಆ ಗುಂಪು ಇರಲಿಲ್ಲ.

ಕುಂದ್ರಿ ಎಂದೆ. ಅವನು ಕೂತ. ನಾನು ಮೂಲೆಯ ಮಷಿನ್ನಿನ ಮುಂದೆ ಕೂತೆ. ಅಕ್ಕೋರಿದ್ದ ವಾರ್ಡಿನ ನರ್ಸುಗಳ ಮೇಜಿನ ಫೋನ್ ನಂಬರು ಎದುರಿಗೇ ಗೋಡೆಯ ಮೇಲೆ ಬರೆದಿತ್ತು. ಆಗಲೇ ಮಾಡಬೇಕಾಗಿತ್ತು. ಮಾಡಲಿಲ್ಲ. ಮಾಡಿದರೆ ಏನಾಯಿತೆಂದು ಹೇಳಬೇಕಾಗುತ್ತಿತ್ತು. ಬದಲಿಗೆ ಬೂಸಲು ಹಿಡಿದ ಫ್ಲಾಪಿಯನ್ನು ಒರೆಸಿ ಒರೆಸಿ ಮತ್ತೆ ಹಾಕಿದೆ. ಶಹಾಬಾದಿನ ಇನ್ನೊಂದು ಸೆಂಟರಿಗೆ ಫೋನ್ ಮಾಡಿ ಆ ಫಾಂಟು ಇದೆಯೇ ಎಂದು ಕೇಳಿದೆ. ಅವರು ಹುಡುಕುತ್ತೇವೆ ಎಂದು ಫೋನ್ ಇಟ್ಟರು, ಸಿಗಲಿಲ್ಲ ಎಂದು ಹೇಳಲು ಅರ್ಧ ತಾಸು ತೆಗೆದುಕೊಂಡರು. ಟ್ರಂಕಿನ ಹಳೆಯ ಕಾರ್ಡುಗಳನ್ನು ಸುರುವಿದೆ. ಆ ಗುಂಪಿನವರು ಅದರಲ್ಲಿ ಇಬ್ಬರೇ, ಇಬ್ಬರೂ ವರ್ಗವಾಗಿ ಹೋದ ರೈಲ್ವೆಯವರು. ಕೊನೆಗೆ ತಲೆ ಕೆಟ್ಟು ಪಟ್ಟಿಯಲ್ಲಿ ಕಂಡ ಒಂದು ನಂಬರಿಗೆ ಮಾಡಿಯೇಬಿಟ್ಟೆ. ಯಾವುದೋ ಕಿರಾಣಿ ಅಂಗಡಿ. "ಯಾರಿಗಿ ಕರೀಬೇಕ್ರಿ?" ಎಂದರು. ನನ್ನ ಹತ್ತಿರ ಹೆಸರಿರಲಿಲ್ಲ. ಫೋನ್ ಇಟ್ಟೆ.

ಅಷ್ಟರಲ್ಲಿ ಗುಲಬರ್ಗಾದ ಕಡೆ ಹೋಗುವ ಎರಡು ಗಾಡಿ ಹೊರಟುಹೋದವು. ಒಳಗೆ ಕೂತವರಿಗೆ ಸ್ಟೇಷನ್ನಿನ ಕೂಗು ಚೆನ್ನಾಗಿ ಕೇಳುತ್ತದೆ. ಪ್ರತಿ ಸಲ ಕೂಗು ಕೇಳಿದಾಗ ಅವನು ನನ್ನ ಮುಖ ನೋಡುತ್ತಿದ್ದ.

"ಏನಾಗ್ಯಾದ್ರಿ?" ಎಂದ.

"ಕಂಪ್ಯೂಟರ್ ಕೆಟ್ಟದಪಾ," ಎಂದೆ.

ಫೋನಿನ ಕಡೆ ನೋಡಿ, "ಅಕ್ಕೋರಿಗೇ ಫೋನ್ ಹಚ್ರಲ್ಲ," ಎಂದ. ಓದು ಬರಹ ಬಾರದವನಿಗೆ ಹೊಳೆದ ದಾರಿ ಅದು. ನನಗೂ ಹೊಳೆದಿತ್ತು, ನಾನು ಹಿಡಿಯಲಿಲ್ಲ.

ಹಚ್ಚಿದೆ. ಹೊಟ್ಟೆ ಕೊಯ್ದು ನಾಲ್ಕು ದಿನವಾಗಿದ್ದ ಅಕ್ಕೋರನ್ನು ಹಾಸಿಗೆಯಿಂದ ಎಬ್ಬಿಸಿ ಮೇಜಿನ ತನಕ ನಡೆಸಿಕೊಂಡು ಬರಬೇಕಾಯಿತು. ಅವರ ಉಸಿರು ಕೇಳಿಸುತ್ತಿತ್ತು. ನಾನು ತೊದಲುತ್ತ ಹೇಳಿದೆ.

"ಅಕ್ಷರ ಹೋದವೇನ್ರಿ?"

"ಹೌದ್ರಿ."

"ಇರಲಿ. ಕೀ ಅಂತೂ ಹೋಗಿಲ್ಲಲ್ಲ. ನಾ ಹೇಳೋ ಕೀ ಒತ್ರಿ. ಅದು ಎಲ್ಲೆಲ್ಲಿ ಬರ್ತದ ಹುಡುಕ್ರಿ."

ಓ ನೆಗೆಟಿವ್ ಎಂಬುದನ್ನು ತಾವು ಟೈಪ್ ಮಾಡುವಾಗ ಬೆರಳು ಹೋಗುವ ಕೀಲಿಗಳನ್ನು ಒಂದೊಂದಾಗಿ ಹೇಳಿದರು. ದೊಡ್ಡ ಅಕ್ಷರ, ಸಣ್ಣ ಅಕ್ಷರ, ಅಲ್ಪವಿರಾಮ. ಹುಡುಕಿದೆ. ಕಸದ ನಡುವೆ ಏಳು ಸಾಲು ಸಿಕ್ಕವು. ಆ ಸಾಲಿನ ಅಕ್ಷರಗಳನ್ನು ನಾನು ಓದಿ ಹೇಳಿದೆ, ಅವರು ಆ ತುದಿಯಲ್ಲಿ ಮೇಜಿನ ಮೇಲೆ ಬೆರಳಾಡಿಸಿ ಹೆಸರು ಹೇಳಿದರು. ಆ ಸಪ್ಪಳ ನನಗೆ ಫೋನಿನಲ್ಲಿ ಕೇಳುತ್ತಿತ್ತು. ಇವರು ಹೋದ ತಿಂಗಳು ಕೊಟ್ಟಾರ, ಬ್ಯಾಡ. ಇವರಿಗಿ ಕಾಮಣಿ ಬ್ಯಾನಿ ಆಗಿತ್ತು, ಬ್ಯಾಡ. ಈ ನಾಲ್ಕು ಮಂದಿ ಚಿಂಚೋಳಿ ಕಡಿಯವರು, ಇವತ್ತು ಮುಟ್ಟಂಗಿಲ್ಲ. ಇವರು ಫ್ಯಾಕ್ಟರಿ, ಷರಾ ಓದ್ರಿ. ಓದಿದೆ. ಎರಡನೇ ಪಾಳಿ, ಮೂರರೊಳಗೆ ಹೇಳಬೇಕು ಎಂದು ಬಿಡಿಸಿ ಹೇಳಿದರು. ಆಗ ಮೂರು ದಾಟಿತ್ತು, ಅವನು ಒಳಗೆ ಹೋಗಿಬಿಟ್ಟಿದ್ದ. ಗೇಟಿನಿಂದ ಹೇಳಿಕಳಿಸಿ, ಅವನು ಬಟ್ಟೆ ಸಹ ಬದಲಿಸದೆ ಓಡಿಬಂದು ಗಾಡಿ ಹತ್ತುವ ಹೊತ್ತಿಗೆ ಐದು ಹೊಡೆದಿತ್ತು.

ಅಕ್ಕೋರ ಜೊತೆ ಮಾತಾಡಿದ್ದು ಹೆಚ್ಚೆಂದರೆ ಕಾಲು ತಾಸು. ನಾನು ಅದಕ್ಕೆ ಮುಂಚೆ ಕಳೆದದ್ದು ಎರಡು ತಾಸು.

ಆ ಫ್ಯಾಕ್ಟರಿಯವನು ರಕ್ತನಿಧಿ ಮುಟ್ಟುವಷ್ಟರಲ್ಲಿ ಆ ಹೆಣ್ಣುಮಗಳು ಹೋಗಿಬಿಟ್ಟಿದ್ದಳು. ಕೂಸು ಉಳಿಯಿತು. ಮೊದಲೇ ರಕ್ತ ಸಿಕ್ಕಿದ್ದರೂ ಉಳಿಯುತ್ತಿದ್ದಳೋ ಇಲ್ಲವೋ ಹೇಳಲಾಗದು ಎಂದು ಡಾಕ್ಟರು ಅಂದರಂತೆ. ಈ ಮಾತನ್ನು ನನಗೆ ಸಮಾಧಾನಕ್ಕೆಂದು ಹಲವರು ಹೇಳಿದ್ದಾರೆ. ನನಗೆ ಅದರಿಂದ ಸಮಾಧಾನವಾಗಿಲ್ಲ, ಆಗುವುದೂ ಬೇಡ.

ಮೂರು ವಾರದ ಮೇಲೆ ಅಕ್ಕೋರು ಮರಳಿದರು. ಅರ್ಧಕ್ಕರ್ಧ ಇಳಿದುಹೋಗಿದ್ದರು. ನಾನು ಕಾಲು ಹಿಡಿಯಲು ಬಗ್ಗಿದೆ. "ಕುಂದ್ರಿ," ಎಂದರು, ಅಷ್ಟೇ. ಬೈದಿದ್ದರೆ ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ, ಬಹುಶಃ ಅದಕ್ಕೇ ಬೈಯಲಿಲ್ಲ.

ಅದೇ ವಾರ ತೀರಿಹೋದ ಆ ಹೆಣ್ಣುಮಗಳ ಅಣ್ಣ ಬಂದ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಬಂದು, ಅಕ್ಕೋರ ಮುಂದೆ ನಿಂತು, "ನನ್ನ ಹೆಸರು ಹಚ್ಕೋರಿ. ಗುಂಪು ನೋಡಿಸಿಕೊಂಡು ಬಂದೀನಿ," ಎಂದ. ಆಮೇಲೆ ನನ್ನ ಕಡೆ ತಿರುಗದೆ, ನೆಲ ನೋಡುತ್ತ, "ಓದಾಕ ಬರೋಹಂಗ ಬರೀರಿ," ಎಂದ.

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಹಿ ಮಾಡುವಲ್ಲಿ ಹೆಬ್ಬೆಟ್ಟು ಒತ್ತುವವನು ಅವನು.

"ಅವತ್ತು ಕಂಪ್ಯೂಟರ್ ಕೆಟ್ಟಿತ್ತಂತ..." ಎಂದು ಅವನೇ ನಮ್ಮ ಮಾನ ಉಳಿಸುವಂತೆ ಏನೋ ಹೇಳಹೊರಟ.

"ಇಲ್ಲಪ್ಪಾ," ಎಂದರು ಅಕ್ಕೋರು. "ಕಂಪ್ಯೂಟರ್ ಕೆಟ್ಟಿದ್ದಿಲ್ಲ. ನಾವು ಕೆಡಿಸಿದ್ವಿ. ತಪ್ಪು ನಮ್ಮದದ."

ನಾವು ಎಂದರು. ಅವರು ಆಗ ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡು ನಲವತ್ತು ಕಿಲೋಮೀಟರ್ ದೂರದಲ್ಲಿ ಮಲಗಿದ್ದವರು. ನಾನು ಅಲ್ಲೇ ಕುರ್ಚಿಯಲ್ಲಿ ಕೂತಿದ್ದೆ. ನಾನು ಮಾಡಿದ್ದು ಎಂದು ಆಗಲಾದರೂ ಎದ್ದು ನಿಂತು ಹೇಳಬಹುದಿತ್ತು. ಹೇಳಲು ನನಗೆ ಮತ್ತೆ ಒಂದು ವಾರ ಬೇಕಾಯಿತು. ರಾವೂರಿಗೆ ಹೋಗಿ, ಖಣಿಯ ಅಂಚಿನಲ್ಲಿ ಅವನು ಊಟಕ್ಕೆ ಕೂತಾಗ ಹೇಳಿದೆ. ಅವನು ರೊಟ್ಟಿ ಕೆಳಗಿಟ್ಟು, ಕೈ ಒರೆಸಿಕೊಂಡು, ಎದ್ದು ಕಲ್ಲಿನ ಕಡೆ ಹೋದ. ನಾನು ತಿರುಗಿ ಬಂದೆ.

ಮಷಿನ್ನುಗಳಿಂದ ಥಳಕಿನದನ್ನು ತೆಗೆದು ಮೂರು ವರ್ಷದ್ದನ್ನು ಹಾಕುವ ಕೆಲಸವನ್ನು ಅಕ್ಕೋರು ನನಗೆ ಬಿಡಲಿಲ್ಲ. ತಾವೇ ಕೂತು, ನನ್ನಿಂದ ಕೇಳಿ ಕೇಳಿ ಬರೆದುಕೊಂಡು, ಒಂದೊಂದು ಹೆಜ್ಜೆ ಹಾಕಿದರು. ಮುಗಿದ ಮೇಲೆ ಮೊದಲು ಒಂದೇ ಒಂದು ಹೆಸರು ಟೈಪ್ ಮಾಡಿದರು, ಈಗಿನ ಪದ್ಧತಿಯ ಕನ್ನಡದಲ್ಲಿ, ಯಾವ ಮಷಿನ್ನಿನಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುವಂಥದು. ಅದನ್ನು ಸಿಡಿಗೆ ಹಾಕಿ, ಬೇರೆ ಮಷಿನ್ನಿನಲ್ಲಿ ತೆರೆದು ನೋಡಿ, ಕಾಗದದ ಮೇಲೆ ಮುದ್ರಿಸಿ, ಗೋಡೆಗೆ ಹಚ್ಚಿದರು. ಅದು ರಾವೂರಿನ ಆ ಅಣ್ಣನ ಹೆಸರು.

"ಇನ್ನ ಮೂರು ವರ್ಷ ಇದಕ್ಕ ಫಿಕರ್ ಇಲ್ಲ," ಎಂದರು. "ಡಾಕ್ಟರು ನನಗ ಅಷ್ಟು ಕೊಟ್ಟಿಲ್ಲ ಆಚಾರ್ರೇ. ನನಗಿಂತ ಇದರ ಮೆಕ್ಯಾನಿಕ್ ಭಾಳ ದಿನ ಬರ್ತಾನ. ಅದಕ್ಕೇ ಇದು ಬೇಕಂದಿದ್ದೆ."

ಗಡ್ಡೆ ಕೆಟ್ಟದ್ದೆಂದು ಅವರಿಗೆ ಆಪರೇಷನ್ನಿಗೆ ಮುಂಚೆಯೇ ಗೊತ್ತಿತ್ತು. ಎರಡು ಸಿಡಿಗಳನ್ನು ಬೆಳಕಿಗೆ ಹಿಡಿದು ನೋಡಿದ ದಿನವೂ ಗೊತ್ತಿತ್ತು. ಥಳಕು ಬಳಕಿನ ಬಗ್ಗೆ ಅಂದು ನಾನು ಎಷ್ಟು ಹೊತ್ತು ಭಾಷಣ ಮಾಡಿದ್ದೆ ಎಂದು ನೆನೆದರೆ ಈಗಲೂ ಮೈ ಉರಿಯುತ್ತದೆ.

ಆಮೇಲೆ ನಾವಿಬ್ಬರೂ ದಿನಾ ಕೂತು ಕಸವನ್ನು ಕನ್ನಡ ಮಾಡತೊಡಗಿದೆವು. ನಾನು ಹಳೆಯ ಅಕ್ಷರಗಳನ್ನು ಓದುವುದು, ಅವರು ಹೆಸರು ಹೇಳುತ್ತ ಹೊಸದಾಗಿ ಟೈಪ್ ಮಾಡುವುದು. ಅಪರೂಪದ ಗುಂಪಿನವರು ಮೊದಲು, ಉಳಿದವರು ಆಮೇಲೆ. ಜೊತೆಜೊತೆಗೇ ಒಂದು ನೋಟ್‌ಬುಕ್ಕಿನಲ್ಲಿ ಯಾವ ಕೀಲಿಗೆ ಯಾವ ಕನ್ನಡ ಅಕ್ಷರ ಎಂದು ನನಗಾಗಿ ಬರೆದಿಟ್ಟರು. ಒಂದೊಂದು ಒತ್ತಕ್ಷರಕ್ಕೂ ಒಂದೊಂದು ಸಾಲು. ಕೆಲವು ದಿನ ನೋವಿಗೆ ಮಾತು ನಿಲ್ಲುತ್ತಿತ್ತು, ಬೆರಳು ನಡೆಯುತ್ತಿತ್ತು. ಇಷ್ಟು ಸಾಕು ಎಂದರೆ, "ಇವರ ಹೆಸರು ಅರ್ಧಕ್ಕ ಬಿಟ್ಟರ ಹೆಂಗ್ರಿ," ಎನ್ನುತ್ತಿದ್ದರು.

ಚಳಿಗಾಲ ಕಳೆಯುವಷ್ಟರಲ್ಲಿ ಅವರಿಗೆ ಎದ್ದು ಕೂರುವುದೂ ಆಗದಂತಾಯಿತು. ಕೊನೆಯ ದಿನಗಳಲ್ಲಿ ರಾವೂರಿನಲ್ಲಿ ತಮ್ಮ ಸ್ವಂತ ತಂಗಿಯ ಮನೆಯಲ್ಲಿದ್ದರು. ಅವರಿಗೆ ಎರಡು ಸಲ ರಕ್ತ ಏರಿಸಬೇಕಾಗಿ ಬಂತು. ಕೊಟ್ಟವರು ಪಟ್ಟಿಯವರೇ. ನಾನಲ್ಲ. ನನಗೆ ಆಗಲೂ ಧೈರ್ಯವಾಗಲಿಲ್ಲ, ಅವರು ಆಗಲೂ ಏಕಾದಶಿ ಯಾವತ್ತು ಎಂದು ಕೇಳಿದರು. ನಾನು ಕೊನೆಯ ಸಲ ನೋಡಲು ಹೋದಾಗ ಮಾತಿರಲಿಲ್ಲ. ಕೌದಿಯ ಮೇಲೆ ಬೆರಳುಗಳು ಮೆಲ್ಲಗೆ ಆಡುತ್ತಿದ್ದವು. ಮರುದಿನ ಬೆಳಿಗ್ಗೆ ನಿಂತವು.

ಮಣ್ಣಿಗೆ ಬಂದವರಲ್ಲಿ ಅರ್ಧ ಜನ ಒಬ್ಬರಿಗೊಬ್ಬರು ಗುರುತಿಲ್ಲದವರು. ಫ್ಯಾಕ್ಟರಿಯ ಬೂದು ಬಟ್ಟೆಯವರು, ಗ್ಯಾಂಗ್‌ಮನ್‌ಗಳು, ಸೇಡಮ್ಮಿನ ಮೇಷ್ಟ್ರು, ಕುಂಚಾವರಂ ಕಡೆಯಿಂದ ಎರಡು ಬಸ್ಸು ಬದಲಿಸಿ ಬಂದವನು. ಹೆಗಲು ಕೊಟ್ಟವರಲ್ಲಿ ಆ ಅಣ್ಣನೂ ಇದ್ದ. ದಾರಿಯಲ್ಲಿ ಅವನ ಮುಂದೆ 'ಸಾಕು, ನಾನು ಹಿಡಿತೀನಿ' ಎಂದು ಕೈ ಚಾಚಿದೆ. ಒಂದು ಗಳಿಗೆ ನೋಡಿ, ಜಾಗ ಬಿಟ್ಟುಕೊಟ್ಟ.

ಉಳಿದ ಪಟ್ಟಿಯನ್ನು ನಾನೊಬ್ಬನೇ ಮುಗಿಸಿದೆ. ಮೊದಮೊದಲು ಪ್ರತಿ ಅಕ್ಷರಕ್ಕೂ ನೋಟ್‌ಬುಕ್ ನೋಡಬೇಕಾಗುತ್ತಿತ್ತು. ತಿಂಗಳುಗಳಾದ ಮೇಲೆ ನೋಟ್‌ಬುಕ್ ಮುಚ್ಚಿಟ್ಟೇ ಆ ಕಸವನ್ನು ಓದತೊಡಗಿದೆ. ಹಾಗೆ ಓದುತ್ತ ಓದುತ್ತ ಕೊನೆಯ ಸಾಲಿಗೆ ಬಂದೆ. ಆಪರೇಷನ್ನಿಗೆ ಹೊರಟ ಬೆಳಿಗ್ಗೆ ಅವರು ಸೇರಿಸಿದ ಸಾಲು ಅದು. ಮೊದಲ ನಾಲ್ಕು ಕೀಲಿ ಓದುವಷ್ಟರಲ್ಲೇ ತಿಳಿಯಿತು, ಅದು ನನ್ನ ಹೆಸರು. ಊರು ಚಿತ್ತಾಪುರ. ಗುಂಪಿನ ಜಾಗ ಖಾಲಿ. ಷರಾದಲ್ಲಿ ಎರಡೇ ವಾಕ್ಯ:

'ಸೂಜಿಗೆ ಹೆದರುತ್ತಾರೆ. ಕೇಳುವುದು ಬಿಡಬಾರದು.'

ಅವತ್ತು ಯಾವ ತಿಥಿ ಎಂದು ನೋಡಲಿಲ್ಲ. ಬೀಗ ಹಾಕಿ, ಸರಕಾರಿ ದವಾಖಾನೆಗೆ ನಡೆದುಹೋಗಿ ಬೆರಳು ಮುಂದೆ ಮಾಡಿದೆ. ಓ ಪಾಸಿಟಿವ್, ಓಣಿಗೆ ಹತ್ತು ಜನರಿಗೆ ಇರುವಂಥದು. ವಾಪಸು ಬಂದು ಖಾಲಿ ಜಾಗ ತುಂಬಿದೆ. ಆ ಮೂರು ವರ್ಷ ಮುಗಿದಾಗ ಪಟ್ಟಿಯನ್ನು ಮುಂದಿನ ಮೂರು ವರ್ಷದ್ದಕ್ಕೆ ಸಾಗಿಸಿದೆ, ಮೊದಲು ಒಂದೇ ಒಂದು ಹೆಸರು ತೆರೆದು ನೋಡಿ. ರಕ್ತ ಎಷ್ಟು ಸಲ ಕೊಟ್ಟೆನೆಂದು ಎಣಿಸಿಲ್ಲ. ಪ್ರತಿ ಸಲವೂ ಕೈಕಾಲು ತಣ್ಣಗಾಗುತ್ತವೆ. ನನ್ನ ಹೆಸರಿನ ಮುಂದಿನ ಷರಾ ಮಾತ್ರ ಅವರು ಬರೆದಂತೆಯೇ ಇದೆ, ನಾನು ತಿದ್ದಿಲ್ಲ.